ಬ್ಯಾಟರಿ ವೀಕ್ ಆಗಿದೆಯಾ? ಫೋನು, ಲ್ಯಾಪ್‌ಟಾಪ್ ಬದಲಿಸುವ ಮುನ್ನ ಬ್ಯಾಟರಿ ಬದಲಿಸುವ ಪೂರ್ತಿ ದಾರಿ

ಮೂರು ವರ್ಷದ ಹಿಂದೆ ಕೊಂಡ ಫೋನು ಈಗ ಮಧ್ಯಾಹ್ನಕ್ಕೇ ಚಾರ್ಜರ್ ಕೇಳುತ್ತದೆ. ಡಿಸ್‌ಪ್ಲೇ ಚೆನ್ನಾಗಿದೆ, ಕ್ಯಾಮೆರಾ ಚೆನ್ನಾಗಿದೆ, ಜಾಗವೂ ಬೇಕಾದಷ್ಟಿದೆ. ಆದರೂ ಮನೆಯಲ್ಲಿ ಹೊಸ ಫೋನಿನ ಮಾತು ಶುರುವಾಗುತ್ತದೆ. ಇಂಥ ಫೋನಿನಲ್ಲಿ ಸವೆದಿರುವುದು ಒಂದೇ ಒಂದು ಭಾಗ. ಅದನ್ನು ಬದಲಿಸಿದರೆ ಇನ್ನೂ ಎರಡು ಮೂರು ವರ್ಷ ಆರಾಮಾಗಿ ಬಳಸಬಹುದು.

ಈ ಕೆಲಸಕ್ಕೆ ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ತಾಳ್ಮೆ ಬೇಕು, ಸರಿಯಾದ ಬ್ಯಾಟರಿ ಬೇಕು, ಎಲ್ಲಿ ಕೈ ನಿಲ್ಲಿಸಬೇಕು ಎಂಬ ತಿಳಿವಳಿಕೆ ಬೇಕು. ಈ ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಎಲ್ಲವನ್ನೂ ಮನೆಯಲ್ಲೇ ಬಿಚ್ಚಿ ಎಂದು ನಾನು ಹೇಳುವುದಿಲ್ಲ. ಯಾವುದನ್ನು ನಾವೇ ಮಾಡಬಹುದು, ಯಾವುದನ್ನು ಅಂಗಡಿಗೆ ಕೊಡಬೇಕು ಎಂದು ಕೆಳಗೆ ಬಿಡಿಸಿ ಬರೆದಿದ್ದೇನೆ. ಅಂಗಡಿಗೇ ಕೊಡುವವರೂ ಓದಿ. ಏನು ಕೇಳಬೇಕು, ಏನು ನೋಡಬೇಕು ಎಂದು ಗೊತ್ತಿದ್ದರೆ ಕೆಲಸ ಚೆನ್ನಾಗಿ ಆಗುತ್ತದೆ.

ಬ್ಯಾಟರಿ ಯಾಕೆ ಸವೆಯುತ್ತದೆ

ಇವತ್ತಿನ ಫೋನು, ಲ್ಯಾಪ್‌ಟಾಪ್, ಸ್ಪೀಕರ್ ಎಲ್ಲದರಲ್ಲೂ ಇರುವುದು ಲಿಥಿಯಂ ಅಯಾನ್ ಬ್ಯಾಟರಿ. ಸೋನಿ ಕಂಪನಿ ಇದನ್ನು 1991ರಲ್ಲಿ ಮೊದಲು ಮಾರುಕಟ್ಟೆಗೆ ತಂದಿತು. ಇದರ ಹಿಂದಿನ ಕೆಲಸಕ್ಕಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೊಶಿನೊ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಒಳಗೆ ಎರಡು ಪದರ ಇರುತ್ತವೆ. ಚಾರ್ಜ್ ಮಾಡುವಾಗ ಲಿಥಿಯಂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ, ಬಳಸುವಾಗ ವಾಪಸ್ ಬರುತ್ತದೆ. ಪ್ರತಿ ಸಲವೂ ಸ್ವಲ್ಪ ಲಿಥಿಯಂ ಪದರದ ಮೇಲೆ ಸಿಕ್ಕಿಹಾಕಿಕೊಳ್ಳುತ್ತದೆ. ಅದು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಹೀಗೆ ಬ್ಯಾಟರಿ ಹಿಡಿಯುವ ಚಾರ್ಜ್ ತಿಂಗಳು ತಿಂಗಳಿಗೂ ಇಳಿಯುತ್ತದೆ.

ಆಪಲ್ ಕಂಪನಿಯ ಲೆಕ್ಕದಲ್ಲಿ ಐಫೋನ್ 14ರವರೆಗಿನ ಫೋನುಗಳ ಬ್ಯಾಟರಿ 500 ಪೂರ್ತಿ ಚಾರ್ಜ್ ಆದ ಮೇಲೆ ಮೊದಲಿನ ಶೇ. 80ರಷ್ಟು ಶಕ್ತಿ ಉಳಿಸಿಕೊಳ್ಳಬೇಕು. ಐಫೋನ್ 15ರಿಂದ ಈ ಲೆಕ್ಕ 1000 ಆಗಿದೆ. ಪೂರ್ತಿ ಚಾರ್ಜ್ ಅಂದರೆ ಪ್ಲಗ್ ಚುಚ್ಚಿದ ಸಲ ಅಲ್ಲ. ಇವತ್ತು ಅರ್ಧ, ನಾಳೆ ಅರ್ಧ ಬಳಸಿ ತುಂಬಿಸಿದರೆ ಎರಡೂ ಸೇರಿ ಒಂದು.

ಬ್ಯಾಟರಿಗೆ ದೊಡ್ಡ ಶತ್ರು ಬಿಸಿ. ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಆ ಬಿಸಿಲಿಗೆ ಬೈಕಿನ ಹೋಲ್ಡರ್‌ನಲ್ಲಿ ಫೋನ್ ಸಿಕ್ಕಿಸಿ, ಮ್ಯಾಪ್ ಹಾಕಿ, ಜೊತೆಗೆ ಚಾರ್ಜಿಗೂ ಹಾಕಿದರೆ ಬ್ಯಾಟರಿ ಬೇಗ ಮುದಿಯಾಗುತ್ತದೆ. ಡೆಲಿವರಿ ಕೆಲಸ ಮಾಡುವ ಹುಡುಗರ ಫೋನುಗಳ ಪಾಡು ನೋಡಿದರೆ ಇದು ಗೊತ್ತಾಗುತ್ತದೆ.

ಇನ್ನೊಂದು ವಿಷಯ. ಫೋನ್ ಶೇ. 30 ತೋರಿಸುತ್ತಿರುತ್ತದೆ, ಕ್ಯಾಮೆರಾ ತೆಗೆದ ತಕ್ಷಣ ಆಫ್ ಆಗುತ್ತದೆ. ಯಾಕೆ? ಹಳೆಯ ಬ್ಯಾಟರಿಯ ಒಳಗಿನ ತಡೆ ಜಾಸ್ತಿಯಾಗಿರುತ್ತದೆ. ಕ್ಯಾಮೆರಾ, ಫ್ಲ್ಯಾಶ್ ಒಮ್ಮೆಲೇ ಹೆಚ್ಚು ಕರೆಂಟ್ ಕೇಳಿದಾಗ ವೋಲ್ಟೇಜ್ ಕುಸಿಯುತ್ತದೆ. ಚಾರ್ಜ್ ಉಳಿದಿದ್ದರೂ ಫೋನ್ ಬಂದ್ ಆಗುತ್ತದೆ. ಹೀಗೆ ಬಂದ್ ಆಗದಿರಲೆಂದು ಹಳೆಯ ಐಫೋನುಗಳ ವೇಗ ತಗ್ಗಿಸಿದ್ದನ್ನು ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಹಾಗಾಗಿ ಫೋನ್ ನಿಧಾನವಾಯಿತು ಅನ್ನಿಸಿದಾಗಲೂ ಕೆಲವೊಮ್ಮೆ ಕಾರಣ ಬ್ಯಾಟರಿಯೇ.

ಮೊದಲು ಪತ್ತೆ ಹಚ್ಚಿ

ಚಾರ್ಜ್ ನಿಲ್ಲುತ್ತಿಲ್ಲ ಎಂದ ಕೂಡಲೇ ಬ್ಯಾಟರಿ ತರಿಸಬೇಡಿ. ಬೇರೆ ಕೇಬಲ್, ಬೇರೆ ಚಾರ್ಜರ್ ಹಾಕಿ ನೋಡಿ. ಚಾರ್ಜಿಂಗ್ ಪೋರ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿ. ಪ್ಯಾಂಟಿನ ಜೇಬಿನ ನೂಲು, ದೂಳು ಒಳಗೆ ಗಟ್ಟಿಯಾಗಿ ಕೂತಿರುತ್ತದೆ. ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಪಿನ್ನು, ಸೂಜಿ ಹಾಕಬೇಡಿ. ಆಮೇಲೆ ಸೆಟ್ಟಿಂಗ್ಸ್‌ನ ಬ್ಯಾಟರಿ ಪುಟದಲ್ಲಿ ಯಾವ ಆ್ಯಪ್ ಜಾಸ್ತಿ ತಿನ್ನುತ್ತಿದೆ ನೋಡಿ. ಅಲ್ಲೇ ಕಳ್ಳ ಸಿಕ್ಕಿದರೆ ಖರ್ಚು ಉಳಿಯಿತು.

ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಬ್ಯಾಟರಿ, ಬ್ಯಾಟರಿ ಹೆಲ್ತ್ ಎಂದು ಹೋದರೆ ಶೇಕಡಾ ಲೆಕ್ಕ ಕಾಣುತ್ತದೆ. 80ಕ್ಕಿಂತ ಕೆಳಗಿದ್ದರೆ ಬದಲಿಸುವ ಸಮಯ. ಸ್ಯಾಮ್‌ಸಂಗ್ ಫೋನುಗಳಲ್ಲಿ ಸ್ಯಾಮ್‌ಸಂಗ್ ಮೆಂಬರ್ಸ್ ಆ್ಯಪ್ ಒಳಗೆ ಬ್ಯಾಟರಿ ತಪಾಸಣೆ ಇದೆ. ಬೇರೆ ಆ್ಯಂಡ್ರಾಯ್ಡ್ ಫೋನಿಗೆ ಅಕ್ಯುಬ್ಯಾಟರಿ ಎಂಬ ಆ್ಯಪ್ ಹಾಕಿ ಒಂದೆರಡು ವಾರ ಎಂದಿನಂತೆ ಚಾರ್ಜ್ ಮಾಡಿದರೆ ಸುಮಾರಾದ ಅಂದಾಜು ಕೊಡುತ್ತದೆ. ಮೊದಲ ದಿನದ ಅಂಕಿಯನ್ನು ನಂಬಬೇಡಿ.

ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಇದು ಇನ್ನೂ ಸುಲಭ. ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷಿನಲ್ಲಿ powercfg /batteryreport ಎಂದು ಟೈಪ್ ಮಾಡಿ (ಸ್ಲ್ಯಾಶ್‌ಗೆ ಮುಂಚೆ ಒಂದು ಜಾಗ ಬಿಡಬೇಕು) ಎಂಟರ್ ಒತ್ತಿ. ಒಂದು ವರದಿ ತಯಾರಾಗುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎಂಬ ಎರಡು ಸಾಲು ಹುಡುಕಿ. ಮೊದಲನೆಯದು ಹೊಸತರಲ್ಲಿ ಇದ್ದ ಶಕ್ತಿ, ಎರಡನೆಯದು ಈಗ ಇರುವುದು. 48,000 ಇದ್ದದ್ದು 22,000ಕ್ಕೆ ಇಳಿದಿದ್ದರೆ ಅರ್ಧಕ್ಕಿಂತ ಜಾಸ್ತಿ ಹೋಗಿದೆ ಎಂದರ್ಥ.

ಉಬ್ಬಿದ್ದರೆ ಇಲ್ಲೇ ನಿಲ್ಲಿ

ಬ್ಯಾಟರಿ ಹಾಳಾದಾಗ ಒಳಗೆ ಗ್ಯಾಸ್ ಹುಟ್ಟಿ ಅದು ಪೂರಿಯಂತೆ ಉಬ್ಬುತ್ತದೆ. ಲಕ್ಷಣಗಳು ಹೀಗಿರುತ್ತವೆ: ಫೋನಿನ ಹಿಂಬದಿ ಅಥವಾ ಡಿಸ್‌ಪ್ಲೇ ಅಂಚಿನಲ್ಲಿ ಎದ್ದಿರುತ್ತದೆ, ಮೇಜಿನ ಮೇಲೆ ಇಟ್ಟರೆ ಅಲ್ಲಾಡುತ್ತದೆ, ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಒತ್ತಲು ಬಿಗಿಯಾಗುತ್ತದೆ. ಇದು ಕಂಡರೆ ಚಾರ್ಜ್ ಮಾಡುವುದನ್ನು ಆ ಕ್ಷಣವೇ ನಿಲ್ಲಿಸಿ. ಎದ್ದ ಭಾಗವನ್ನು ಒತ್ತಿ ಕೂರಿಸಬೇಡಿ. ಚುಚ್ಚಿ ಗಾಳಿ ಬಿಡುವ ಯೋಚನೆಯನ್ನಂತೂ ಮಾಡಲೇಬೇಡಿ. ಒಳಗಿನ ದ್ರವ ಹೊತ್ತಿಕೊಳ್ಳುವಂಥದ್ದು, ಹೊಗೆಯೂ ವಿಷ.

ಉಬ್ಬಿದ ಬ್ಯಾಟರಿ ಅಂಟಿರುವ ಫೋನನ್ನು ಮನೆಯಲ್ಲಿ ಬಿಚ್ಚಬೇಡಿ ಎಂಬುದು ನನ್ನ ಖಡಕ್ ಮಾತು. ಆಫ್ ಮಾಡಿ, ಬಟ್ಟೆ, ಕಾಗದ, ಹಾಸಿಗೆಯಿಂದ ದೂರ ಇಡಿ, ಅನುಭವ ಇರುವವರ ಹತ್ತಿರ ತೆಗೆದುಕೊಂಡು ಹೋಗಿ. 2016ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ನೋಟ್ 7 ಫೋನುಗಳನ್ನು ಪೂರ್ತಿ ವಾಪಸ್ ಪಡೆದದ್ದು ಬ್ಯಾಟರಿಗೆ ಬೆಂಕಿ ಹತ್ತಿದ್ದಕ್ಕೇ. 2007ರಲ್ಲಿ ನೋಕಿಯಾ ಕೂಡ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳ ಬಗ್ಗೆ ಎಚ್ಚರಿಕೆ ಕೊಟ್ಟು ಬದಲಿಸಿ ಕೊಡಲು ಮುಂದಾಯಿತು. ದೊಡ್ಡ ಕಂಪನಿಗಳ ಬ್ಯಾಟರಿಯಲ್ಲೇ ಹೀಗಾಗುತ್ತದೆ ಅಂದರೆ ಉಬ್ಬಿರುವುದರ ಜೊತೆ ಆಟ ಬೇಡ, ಅಲ್ವಾ?

ಸರಿಯಾದ ಬ್ಯಾಟರಿ ಹುಡುಕುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಬಿಚ್ಚುವುದು ಒಂದು ಗಂಟೆಯ ಕೆಲಸ. ಕೆಟ್ಟ ಬ್ಯಾಟರಿ ಹಾಕಿಬಿಟ್ಟರೆ ಆರು ತಿಂಗಳಲ್ಲಿ ಮತ್ತೆ ಬಿಚ್ಚಬೇಕು.

ಫೋನಿನ ಹೆಸರು ಹೇಳಿ ಬ್ಯಾಟರಿ ಕೇಳಬೇಡಿ, ಬ್ಯಾಟರಿಯ ನಂಬರ್ ಹೇಳಿ ಕೇಳಿ. ಒಂದೇ ಹೆಸರಿನ ಫೋನಿನಲ್ಲಿ ಪ್ರೊ, ಪ್ಲಸ್, 4ಜಿ, 5ಜಿ ಎಂದು ನಾಲ್ಕು ಬಗೆ ಇರುತ್ತವೆ, ನಾಲ್ಕಕ್ಕೂ ಬೇರೆ ಬೇರೆ ಬ್ಯಾಟರಿ. ಸೆಟ್ಟಿಂಗ್ಸ್‌ನಲ್ಲಿ ಫೋನಿನ ಪೂರ್ತಿ ಮಾಡೆಲ್ ನಂಬರ್ ಸಿಗುತ್ತದೆ. ಅದರಿಂದ ಬ್ಯಾಟರಿಯ ನಂಬರ್ ಪತ್ತೆ ಮಾಡಬಹುದು. ಲ್ಯಾಪ್‌ಟಾಪ್ ಆದರೆ ಮೊದಲು ಬಿಚ್ಚಿ, ಹಳೆಯ ಬ್ಯಾಟರಿಯ ಸ್ಟಿಕ್ಕರ್‌ನ ಫೋಟೊ ತೆಗೆದು, ಮತ್ತೆ ಮುಚ್ಚಿ, ಆಮೇಲೆ ಆರ್ಡರ್ ಮಾಡುವುದೇ ಒಳ್ಳೆಯದು. ಒಂದೇ ಲ್ಯಾಪ್‌ಟಾಪ್ ಮಾಡೆಲ್ಲಿಗೆ 3 ಸೆಲ್ಲಿನದೂ 4 ಸೆಲ್ಲಿನದೂ ಇರುತ್ತದೆ. ಉದ್ದ, ಕನೆಕ್ಟರ್, ವೋಲ್ಟೇಜ್ ಮೂರೂ ಬದಲಾಗುತ್ತವೆ.

ಸ್ಟಿಕ್ಕರ್ ಮೇಲೆ ನೋಡಬೇಕಾದ ಅಂಕಿ ಮೂರು. ವೋಲ್ಟ್, ಎಂಎಎಚ್ (ಮಿಲಿಆಂಪಿಯರ್-ಅವರ್, ಅಂದರೆ ಎಷ್ಟು ಚಾರ್ಜ್ ಹಿಡಿಯುತ್ತದೆ; 1000 ಎಂಎಎಚ್ ಸೇರಿದರೆ ಒಂದು ಆಂಪಿಯರ್-ಅವರ್), ವ್ಯಾಟ್-ಅವರ್ (ಒಟ್ಟು ಶಕ್ತಿ). ವೋಲ್ಟೇಜ್ ಹಳೆಯದಕ್ಕೆ ಹೊಂದಬೇಕು. ಫೋನ್ ಬ್ಯಾಟರಿಯಲ್ಲಿ 3.7, 3.85 ಹೀಗೆ ಇರುತ್ತದೆ. ಪಕ್ಕದಲ್ಲೇ ಎಷ್ಟು ವೋಲ್ಟ್‌ವರೆಗೆ ಚಾರ್ಜ್ ಮಾಡಬೇಕು ಎಂದೂ ಬರೆದಿರುತ್ತದೆ: 4.2, 4.4 ಹೀಗೆ. 4.4ಕ್ಕೆ ಚಾರ್ಜ್ ಮಾಡುವ ಫೋನಿಗೆ 4.2ರ ಬ್ಯಾಟರಿ ಹಾಕಿದರೆ ಅದು ಅತಿಯಾಗಿ ಚಾರ್ಜ್ ಆಗುತ್ತದೆ, ಅಪಾಯ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ವ್ಯಾಟ್-ಅವರ್ ಬರಬೇಕು. 3.85 ವೋಲ್ಟ್, 5000 ಎಂಎಎಚ್ ಅಂದರೆ 19.25 ವ್ಯಾಟ್-ಅವರ್. ನಕಲಿ ಬ್ಯಾಟರಿಗಳಲ್ಲಿ ಎಷ್ಟೋ ಸಲ ಈ ಗುಣಾಕಾರವೇ ತಾಳೆಯಾಗುವುದಿಲ್ಲ.

ಅದೇ ಅಳತೆಯ ಬ್ಯಾಟರಿಗೆ ಬಹಳ ಹೆಚ್ಚು ಎಂಎಎಚ್ ಬರೆದಿದ್ದರೆ ನಂಬಬೇಡಿ. ನೋಕಿಯಾದ ಅಸಲಿ ಬಿಎಲ್-5ಸಿ ಬ್ಯಾಟರಿಯ ಮೇಲೆ 1020 ಎಂಎಎಚ್ ಎಂದಿರುತ್ತದೆ. ಅಷ್ಟೇ ಗಾತ್ರದ ಡಬ್ಬಿಯಲ್ಲಿ 2000 ಇದೆ ಎಂದರೆ ಅದು ಸುಳ್ಳು. ಟಾರ್ಚ್, ಸ್ಪೀಕರ್‌ನಲ್ಲಿ ಬಳಸುವ ದುಂಡನೆಯ 18650 ಸೆಲ್ಲೂ ಹಾಗೇ. 18 ಮಿಲಿಮೀಟರ್ ಅಗಲ, 65 ಮಿಲಿಮೀಟರ್ ಉದ್ದ, ಅದಕ್ಕೇ ಆ ಹೆಸರು. ಅದರಲ್ಲಿ 2000ದಿಂದ 3500 ಎಂಎಎಚ್ ಸಹಜ. 9900 ಎಂದು ಬರೆದದ್ದು ಕಂಡರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ತಯಾರಾದ ತಾರೀಕು ನೋಡಿ. ಲಿಥಿಯಂ ಬ್ಯಾಟರಿ ಬಳಸದೆ ಇಟ್ಟರೂ ಹಳೆಯದಾಗುತ್ತದೆ. ಐದು ವರ್ಷ ಗೋದಾಮಿನಲ್ಲಿ ಕೂತಿದ್ದ 'ಹೊಸ' ಬ್ಯಾಟರಿ ನಿಮಗೆ ಬೇಡ. ನಮ್ಮ ದೇಶದಲ್ಲಿ ಇಂಥ ಬ್ಯಾಟರಿಗಳ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಐಎಸ್ 16046 ಎಂಬ ಸಂಖ್ಯೆ, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು.

ಮೊದಲ ಆಯ್ಕೆ ಕಂಪನಿಯ ಸರ್ವಿಸ್ ಸೆಂಟರ್. ಅವರು ಹಾಕಿ ಕೊಡುವ ಬೆಲೆ ಮೊದಲು ಕೇಳಿ. ವ್ಯತ್ಯಾಸ ಕಡಿಮೆ ಇದ್ದರೆ ಅಲ್ಲೇ ಮಾಡಿಸಿಬಿಡಿ, ನಾನು ಬೇಡ ಅನ್ನುವುದಿಲ್ಲ. ವಾರಂಟಿ ಇನ್ನೂ ಇದ್ದರೆ ಅಲ್ಲಿಗೇ ಹೋಗಬೇಕು. ಹಳೆಯ ಮಾಡೆಲ್ಲಿಗೆ ಅಲ್ಲಿ ಸಿಗದಿದ್ದರೆ ಬಿಡಿಭಾಗದ ಅಂಗಡಿ. ಬೆಂಗಳೂರಿನಲ್ಲಿ ಎಸ್.ಪಿ. ರೋಡ್ ಇದಕ್ಕೆ ಹೆಸರುವಾಸಿ. ಬೇರೆ ಊರುಗಳಲ್ಲಿ ಮೊಬೈಲ್ ರಿಪೇರಿ ಅಂಗಡಿಯವರೇ ತರಿಸಿ ಕೊಡುತ್ತಾರೆ. ಎಲ್ಲೇ ಕೊಂಡರೂ ಬಿಲ್ ತಗೊಳ್ಳಿ, ಅದರ ಮೇಲೆ ವಾರಂಟಿ ತಿಂಗಳು ಬರೆಸಿಕೊಳ್ಳಿ. ಹಳೆಯ ಫೋನಿನಿಂದ ಬಿಚ್ಚಿದ 'ಒರಿಜಿನಲ್' ಬ್ಯಾಟರಿ ಕೊಡುತ್ತೇನೆ ಎಂದರೆ ಬೇಡ ಅನ್ನಿ. ಅದೂ ಸವೆದದ್ದೇ.

ಮೇಜಿನ ಮೇಲೆ ಏನೇನು ಬೇಕು

ಸಣ್ಣ ಸ್ಕ್ರೂಡ್ರೈವರ್‌ಗಳ ಒಂದು ಸೆಟ್. ಅದರಲ್ಲಿ ಫಿಲಿಪ್ಸ್‌ನ ಪಿಎಚ್00, ಪಿಎಚ್0, ಟಾರ್ಕ್ಸ್‌ನ ಟಿ5, ಐಫೋನ್ ಆದರೆ ಐದು ಎಸಳಿನ ಪೆಂಟಲೋಬ್ ಇರಲಿ. ಪ್ಲಾಸ್ಟಿಕ್ ಓಪನರ್, ನಾಲ್ಕೈದು ಗಿಟಾರ್ ಪಿಕ್ ಅಥವಾ ಹಳೆಯ ಎಟಿಎಂ ಕಾರ್ಡು, ಗಾಜು ಎತ್ತುವ ಸಕ್ಷನ್ ಕಪ್, ಚಿಮಟ, ಹೇರ್ ಡ್ರೈಯರ್. ಅಂಟು ಕರಗಿಸಲು ಐಸೊಪ್ರೊಪೈಲ್ ಆಲ್ಕೋಹಾಲ್, ಅಂಗಡಿಯಲ್ಲಿ ಐಪಿಎ ಎಂದು ಕೇಳಿದರೆ ಕೊಡುತ್ತಾರೆ. ಹಿಂಬದಿ ಮತ್ತೆ ಅಂಟಿಸಲು ಆ ಮಾಡೆಲ್ಲಿನದೇ ಗಮ್ ಶೀಟ್ ಅಥವಾ ಬಿ-7000 ಗಮ್.

ಲೋಹದ ಚಾಕು, ಬ್ಲೇಡು, ಚಪ್ಪಟೆ ಸ್ಕ್ರೂಡ್ರೈವರ್ ಬ್ಯಾಟರಿಯ ಹತ್ತಿರಕ್ಕೂ ಬರಬಾರದು. ಅವುಗಳನ್ನು ಮೇಜಿನಿಂದಲೇ ತೆಗೆದಿಡಿ. ಅವಸರದಲ್ಲಿ ಕೈ ತಾನಾಗಿ ಅದರ ಕಡೆ ಹೋಗುತ್ತದೆ.

ಕಿಟಕಿ ತೆರೆದಿರಲಿ. ಫ್ಯಾನ್ ಬೇಡ, ಸ್ಕ್ರೂ ಹಾರುತ್ತವೆ. ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಳ್ಳಿ. ಸಣ್ಣ ಲಿಥಿಯಂ ಅಯಾನ್ ಬ್ಯಾಟರಿಗೆ ಬೆಂಕಿ ಹತ್ತಿದರೆ ಅದನ್ನು ತಣ್ಣಗಾಗಿಸುವುದೇ ಮುಖ್ಯ, ಅದಕ್ಕೆ ಧಾರಾಳ ನೀರು ಸುರಿಯಬಹುದು. ಆದರೆ ಚಾರ್ಜರ್ ಪ್ಲಗ್ಗಿನಲ್ಲಿ ಇದ್ದರೆ ಮೊದಲು ಸ್ವಿಚ್ ಆರಿಸಬೇಕು. ಕೆಲಸದ ನಡುವೆ ಸಿಹಿ ಸಿಹಿ ಕೆಮಿಕಲ್ ವಾಸನೆ, ಸುಯ್ ಎಂಬ ಸದ್ದು, ಬಿಸಿ, ಇವುಗಳಲ್ಲಿ ಯಾವುದು ಬಂದರೂ ಕೈಬಿಟ್ಟು ದೂರ ಸರಿಯಿರಿ. ಹೊಗೆ ಕುಡಿಯಬೇಡಿ. ಬೆಂಕಿ ದೊಡ್ಡದಾದರೆ ಎಲ್ಲರನ್ನೂ ಹೊರಗೆ ಕಳಿಸಿ 112ಕ್ಕೆ ಫೋನ್ ಮಾಡಿ.

ಫೋನ್ ಬ್ಯಾಟರಿ: ಒಂದೊಂದೇ ಹಂತ

ಇಲ್ಲಿ ಹೇಳುವುದು ಹಿಂಬದಿಯಿಂದ ತೆರೆಯುವ ಸಾಮಾನ್ಯ ಆ್ಯಂಡ್ರಾಯ್ಡ್ ಫೋನಿನ ಕ್ರಮ. ಹಳೆಯ ಐಫೋನುಗಳು ಡಿಸ್‌ಪ್ಲೇ ಕಡೆಯಿಂದ ತೆರೆಯುತ್ತವೆ, ಅಲ್ಲಿ ಡಿಸ್‌ಪ್ಲೇ ಕೇಬಲ್ ಹರಿಯುವ ಭಯ ಜಾಸ್ತಿ. ನಿಮ್ಮ ಮಾಡೆಲ್ ಬಿಚ್ಚುವ ವಿಡಿಯೊ ಒಂದನ್ನು ಮೊದಲಿಂದ ಕೊನೆತನಕ ನೋಡಿ. ಆಮೇಲೆ ಕೈ ಹಾಕಿ.

1. ಫೋಟೊ, ಕಾಂಟ್ಯಾಕ್ಟ್, ವಾಟ್ಸ್ಆ್ಯಪ್ ಎಲ್ಲ ಬ್ಯಾಕಪ್ ಮಾಡಿ. ಚಾರ್ಜ್ ಶೇ. 25ಕ್ಕಿಂತ ಕೆಳಗೆ ಇಳಿಸಿ. ತುಂಬಿದ ಬ್ಯಾಟರಿಗೆ ಪೆಟ್ಟಾದರೆ ಬೆಂಕಿಯ ಅಪಾಯ ಹೆಚ್ಚು. ಫೋನ್ ಆಫ್ ಮಾಡಿ, ಸಿಮ್ ಟ್ರೇ ಹೊರಗೆ ತೆಗೆಯಿರಿ. ಟ್ರೇ ಒಳಗೇ ಇದ್ದರೆ ಎಷ್ಟೋ ಫೋನಿನ ಫ್ರೇಮ್ ಮೇಲೇಳುವುದಿಲ್ಲ, ಬಲ ಹಾಕಿದರೆ ಮುರಿಯುತ್ತದೆ.

2. ಹಿಂಬದಿಯ ಅಂಚುಗಳಿಗೆ ಹೇರ್ ಡ್ರೈಯರ್‌ನಿಂದ ಒಂದೆರಡು ನಿಮಿಷ ಬಿಸಿ ಕೊಡಿ. ಡ್ರೈಯರ್ ಒಂದೇ ಕಡೆ ನಿಲ್ಲಬಾರದು, ಆಡಿಸುತ್ತಲೇ ಇರಬೇಕು. ಕೈಯಲ್ಲಿ ಹಿಡಿಯಲು ಆಗುವಷ್ಟೇ ಬಿಸಿ ಸಾಕು. ಗ್ಯಾಸ್ ಒಲೆ, ತವಾ, ಇಸ್ತ್ರಿಪೆಟ್ಟಿಗೆ ಖಂಡಿತ ಬೇಡ.

3. ಕೆಳಗಿನ ಅಂಚಿನ ಹತ್ತಿರ ಸಕ್ಷನ್ ಕಪ್ ಅಂಟಿಸಿ ಮೆಲ್ಲಗೆ ಎಳೆಯಿರಿ. ಕೂದಲೆಳೆಯಷ್ಟು ಸಂದು ಸಿಕ್ಕಿದರೆ ಸಾಕು, ಪಿಕ್ ತೂರಿಸಿ. ಎರಡು ಮೂರು ಮಿಲಿಮೀಟರಿಗಿಂತ ಒಳಗೆ ಬೇಡ. ಅಂಚಿನ ಸುತ್ತ ಜಾರಿಸುತ್ತ ಹೋಗಿ, ಬಿಡಿಸಿದ ಕಡೆ ಮತ್ತೆ ಅಂಟದಂತೆ ಒಂದೊಂದು ಪಿಕ್ ಬಿಟ್ಟಿರಿ. ಬಿಗಿ ಅನ್ನಿಸಿದರೆ ಬಲ ಹಾಕಬೇಡಿ, ಇನ್ನೊಮ್ಮೆ ಬಿಸಿ ಕೊಡಿ. ಗಾಜಿನ ಹಿಂಬದಿ ಆದರೆ ಇಲ್ಲೇ ಒಡೆಯುವುದು ಹೆಚ್ಚು. ಕಣ್ಣಿಗೆ ಕನ್ನಡಕ ಇರಲಿ.

4. ಹಿಂಬದಿ ಬಿಟ್ಟುಕೊಂಡಾಗ ಪುಸ್ತಕದ ಹಾಗೆ ಸ್ವಲ್ಪವೇ ತೆರೆದು ಇಣುಕಿ. ಫಿಂಗರ್‌ಪ್ರಿಂಟ್ ಹಿಂದೆ ಇರುವ ಫೋನಿನಲ್ಲಿ ಅದರ ಕೇಬಲ್ ಬೋರ್ಡಿಗೆ ಸೇರಿರುತ್ತದೆ. ಒಮ್ಮೆಲೇ ಎಳೆದರೆ ಹರಿಯುತ್ತದೆ.

5. ಬೋರ್ಡ್ ಮೇಲಿನ ಪ್ಲಾಸ್ಟಿಕ್ ಮುಚ್ಚಳದ ಸ್ಕ್ರೂ ಬಿಚ್ಚಿ. ಒಂದು ಹಾಳೆಯ ಮೇಲೆ ಫೋನಿನ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಡಬಲ್ ಟೇಪಿಗೆ ಅಂಟಿಸಿ. ನೋಡಲು ಎಲ್ಲ ಒಂದೇ ಥರ, ಆದರೆ ಉದ್ದ ಬೇರೆ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ತಿರುಗಿಸಿದರೆ ಅದು ಕೆಳಗಿನ ಬೋರ್ಡನ್ನೋ ಡಿಸ್‌ಪ್ಲೇಯನ್ನೋ ಚುಚ್ಚುತ್ತದೆ. ಹೀಗೆ ಕೆಟ್ಟ ಫೋನನ್ನು ಮತ್ತೆ ಎಬ್ಬಿಸುವುದು ಬಹಳ ಕಷ್ಟ.

6. ಎಲ್ಲಕ್ಕಿಂತ ಮೊದಲು ಬ್ಯಾಟರಿ ಕನೆಕ್ಟರ್ ತೆಗೆಯಿರಿ. ಪ್ಲಾಸ್ಟಿಕ್ ಓಪನರ್‌ನಿಂದ ನೇರ ಮೇಲಕ್ಕೆ ಎತ್ತಬೇಕು, ಪಕ್ಕಕ್ಕೆ ಮೀಟಬಾರದು. ಇದು ಬಿಟ್ಟ ಮೇಲೇ ಬೇರೆ ಕೇಬಲ್ ಮುಟ್ಟಬೇಕು. ಬ್ಯಾಟರಿಯ ಮೇಲೆ ಹಾದುಹೋಗುವ ಅಗಲ ಫ್ಲೆಕ್ಸ್ ಕೇಬಲ್‌ಗಳನ್ನೂ ಹೀಗೇ ಬಿಡಿಸಿ ಪಕ್ಕಕ್ಕೆ ಮಡಚಿಡಿ.

7. ಈಗ ಬ್ಯಾಟರಿ. ಕಷ್ಟದ ಹಂತ ಇದೇ. ಮೊದಲು ಎಳೆಯುವ ಪಟ್ಟಿ ಇದೆಯೇ ಹುಡುಕಿ. ಕೆಲವು ಫೋನಿನಲ್ಲಿ ಬಣ್ಣದ ತುದಿ ಇರುವ ಪ್ಲಾಸ್ಟಿಕ್ ಹಾಳೆ ಇರುತ್ತದೆ, ಅದನ್ನು ಹಿಡಿದು ನಿಧಾನವಾಗಿ ಎತ್ತಿದರೆ ಬ್ಯಾಟರಿ ಏಳುತ್ತದೆ. ಐಫೋನಿನಲ್ಲಿ ರಬ್ಬರಿನಂತೆ ಹಿಗ್ಗುವ ಅಂಟುಪಟ್ಟಿ ಇರುತ್ತದೆ. ಅದನ್ನು ಮೇಲಕ್ಕೆ ಎತ್ತದೆ, ಆದಷ್ಟು ಮಟ್ಟಸವಾಗಿ, ನಿಧಾನವಾಗಿ ಎಳೆಯಬೇಕು. ಅವಸರ ಮಾಡಿದರೆ ತುಂಡಾಗುತ್ತದೆ.

ಪಟ್ಟಿ ಇಲ್ಲದಿದ್ದರೆ ಐಪಿಎ ಉಪಯೋಗಿಸಿ. ಡ್ರಾಪರ್ ಅಥವಾ ಸಿರಿಂಜಿನಿಂದ ಬ್ಯಾಟರಿಯ ಅಂಚಿಗೆ ಕೆಲವು ಹನಿ ಬಿಡಿ, ಅದು ಕೆಳಗೆ ಇಳಿಯುವಂತೆ ಫೋನನ್ನು ಸ್ವಲ್ಪ ಓರೆ ಮಾಡಿ ಎರಡು ಮೂರು ನಿಮಿಷ ಕಾಯಿರಿ. ಐಪಿಎ ಬೇಗ ಹೊತ್ತಿಕೊಳ್ಳುತ್ತದೆ, ಹಾಗಾಗಿ ಈ ಹಂತದಲ್ಲಿ ಹೇರ್ ಡ್ರೈಯರ್, ದೀಪ, ಊದಿನಕಡ್ಡಿ ಯಾವುದೂ ಹತ್ತಿರ ಇರಬಾರದು. ಆಮೇಲೆ ಪ್ಲಾಸ್ಟಿಕ್ ಕಾರ್ಡನ್ನು ಕೇಬಲ್ ಇಲ್ಲದ ಉದ್ದ ಬದಿಯಿಂದ ತೂರಿಸಿ. ಬ್ಯಾಟರಿಯ ಕೆಳಗೇ ಡಿಸ್‌ಪ್ಲೇ ಇದೆ ಎಂಬುದು ನೆನಪಿರಲಿ. ಒಂದೇ ಮೂಲೆಯಿಂದ ಎತ್ತಿದರೆ ಬ್ಯಾಟರಿ ಬಾಗುತ್ತದೆ. ಬಾಗಿದರೆ ಒಳಗಿನ ಪದರಗಳು ಒಂದಕ್ಕೊಂದು ತಗುಲಿ ಶಾರ್ಟ್ ಆಗಬಹುದು. ಕಾರ್ಡನ್ನು ಉದ್ದಕ್ಕೂ ಜಾರಿಸಿ, ಮತ್ತೆರಡು ಹನಿ ಬಿಡಿ, ಮತ್ತೆ ಕಾಯಿರಿ. ಇಪ್ಪತ್ತು ನಿಮಿಷ ಹಿಡಿದರೂ ಪರವಾಗಿಲ್ಲ. ಏಳುತ್ತಲೇ ಇಲ್ಲ ಅಂದರೆ ಅಲ್ಲೇ ನಿಲ್ಲಿಸಿ ಅಂಗಡಿಗೆ ಒಯ್ಯಿರಿ. ಅದರಲ್ಲಿ ಮಾನ ಹೋಗುವಂಥದ್ದೇನೂ ಇಲ್ಲ.

ಅಂಟಿಸಿ ಮುಚ್ಚುವ ಈ ಪದ್ಧತಿ ನನಗೆ ಬೇಸರದ ವಿಷಯ. ಹಿಂದೆ ಉಗುರಿನಲ್ಲಿ ಹಿಂಬದಿ ತೆಗೆದು ಬ್ಯಾಟರಿ ಬದಲಿಸುತ್ತಿದ್ದೆವು. ಯುರೋಪ್ ಒಕ್ಕೂಟ ಈಗ ಮತ್ತೆ ಆ ದಿಕ್ಕಿಗೆ ಹೊರಟಿದೆ. ಬಳಸುವವರೇ ಬ್ಯಾಟರಿ ತೆಗೆಯುವಂತಿರಬೇಕು ಎಂಬ ಅಲ್ಲಿನ ನಿಯಮ, ಕೆಲವು ವಿನಾಯಿತಿಗಳೊಂದಿಗೆ, 2027ರ ಫೆಬ್ರುವರಿ 18ರಿಂದ ಜಾರಿಗೆ ಬರಲಿದೆ. ನಮ್ಮಲ್ಲೂ ಬರಬೇಕು.

8. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಡಿ. ನಂಬರ್, ಅಳತೆ, ಕನೆಕ್ಟರ್ ಇರುವ ಬದಿ, ಕೇಬಲ್ ಉದ್ದ ಎಲ್ಲ ಹೋಲಿಸಿ. ಫೋನ್ ಬ್ಯಾಟರಿಯ ಪುಟಾಣಿ ಕನೆಕ್ಟರ್ ಮೇಲೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್‌ನ ಕಡ್ಡಿ ಇಡಲು ಹೋಗಬೇಡಿ. ಎರಡು ಪಿನ್ ಒಟ್ಟಿಗೆ ತಗುಲಿದರೆ ಶಾರ್ಟ್.

9. ಹೊಸ ಬ್ಯಾಟರಿಯನ್ನು ತಕ್ಷಣ ಅಂಟಿಸಬೇಡಿ. ಸುಮ್ನೆ ಜಾಗದಲ್ಲಿ ಕೂರಿಸಿ, ಬೇರೆ ಕೇಬಲ್‌ಗಳನ್ನು ಹಾಕಿ, ಕೊನೆಗೆ ಬ್ಯಾಟರಿ ಕನೆಕ್ಟರ್ ಒತ್ತಿ. ಟಕ್ ಎಂದು ಕೂರಬೇಕು. ಫೋನ್ ಆನ್ ಮಾಡಿ. ಡಿಸ್‌ಪ್ಲೇ, ಟಚ್, ಕ್ಯಾಮೆರಾ, ಸ್ಪೀಕರ್, ಚಾರ್ಜಿಂಗ್ ನೋಡಿ. ಎಲ್ಲ ಸರಿ ಇದ್ದರೆ ಆಫ್ ಮಾಡಿ, ಕನೆಕ್ಟರ್ ಬಿಡಿಸಿ, ಹಳೆಯ ಅಂಟು ಒರೆಸಿ, ಐಪಿಎ ಪೂರ್ತಿ ಆರಿದ ಮೇಲೆ ಡಬಲ್ ಟೇಪ್ ಹಾಕಿ ಅಂಟಿಸಿ.

10. ಸ್ಕ್ರೂ ಹಾಕಿ, ಗಮ್ ಶೀಟ್ ಇಟ್ಟು ಹಿಂಬದಿ ಮುಚ್ಚಿ. ನಾಲ್ಕು ಪುಸ್ತಕದ ಭಾರ ಹೇರಿ ರಾತ್ರಿಯಿಡೀ ಬಿಡಿ. ನೀರು ಹೋಗುವುದಿಲ್ಲ ಎಂಬ ಐಪಿ ರೇಟಿಂಗ್ ಇದ್ದ ಫೋನಾದರೂ ಇನ್ನು ಮೇಲೆ ಅದನ್ನು ನಂಬಬೇಡಿ. ಮಳೆಯಲ್ಲಿ ಕವರ್ ಒಳಗೇ ಇರಲಿ.

ಐಫೋನ್ ಎಕ್ಸ್ಆರ್, ಎಕ್ಸ್ಎಸ್ ಮತ್ತು ನಂತರದವುಗಳಲ್ಲಿ ಕಂಪನಿಯದಲ್ಲದ ಬ್ಯಾಟರಿ ಹಾಕಿದರೆ, ಅಸಲಿಯೆಂದು ಗುರುತಿಸಲಾಗಲಿಲ್ಲ ಎಂಬ ಸಂದೇಶ ಬರುತ್ತದೆ. ಫೋನ್ ಕೆಲಸ ಮಾಡುತ್ತದೆ, ಗಾಬರಿ ಬೇಡ. ಅಂಗಡಿಯಲ್ಲಿ 'ಒರಿಜಿನಲ್' ಎಂದು ಹಣ ತಗೊಂಡು ಹಾಕಿದ ಮೇಲೆ ಈ ಸಂದೇಶ ಬಂದರೆ ಮಾತ್ರ ಕಾರಣ ಕೇಳಿ.

ಲ್ಯಾಪ್‌ಟಾಪ್ ಇದಕ್ಕಿಂತ ಸುಲಭ

ಮೊದಲ ಸಲ ಕೈ ಹಾಕುವವರು ಲ್ಯಾಪ್‌ಟಾಪಿನಿಂದಲೇ ಶುರು ಮಾಡಿ. ಹೆಚ್ಚಿನವುಗಳಲ್ಲಿ ಅಂಟು ಇಲ್ಲ, ಬರೀ ಸ್ಕ್ರೂ. ಆಪಲ್‌ನ ರೆಟಿನಾ ಮ್ಯಾಕ್‌ಬುಕ್ ಪ್ರೊಗಳಲ್ಲಿ ಬ್ಯಾಟರಿ ಅಂಟಿಸಿರುತ್ತಾರೆ, ಅದನ್ನು ಗೊತ್ತಿರುವವರಿಗೆ ಕೊಡಿ.

ಚಾರ್ಜರ್ ತೆಗೆಯಿರಿ, ಶಟ್‌ಡೌನ್ ಮಾಡಿ. ಸ್ಲೀಪ್ ಸಾಲದು. ಥಿಂಕ್‌ಪ್ಯಾಡ್ ಇದ್ದವರಿಗೆ ಒಂದು ಒಳ್ಳೆಯ ಸೌಲಭ್ಯ ಇದೆ: ಬಯಾಸ್ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ಸ್ ಪುಟ) ಒಳಗೆ ಬಿಲ್ಟ್-ಇನ್ ಬ್ಯಾಟರಿಯನ್ನು ಬಂದ್ ಮಾಡುವ ಆಯ್ಕೆ. ಅದನ್ನು ಒತ್ತಿದರೆ ಬಿಚ್ಚುವ ಮೊದಲೇ ಕರೆಂಟ್ ನಿಲ್ಲುತ್ತದೆ. ತಳದ ಸ್ಕ್ರೂಗಳನ್ನೆಲ್ಲ ಬಿಚ್ಚಿ. ಮುಚ್ಚಳ ಏಳದಿದ್ದರೆ ರಬ್ಬರ್ ಪಾದಗಳ ಕೆಳಗೆ ಅಡಗಿದ ಸ್ಕ್ರೂ ಇದೆಯೇ ನೋಡಿ. ಹಿಂಜ್ ಕಡೆಯಿಂದ ಪಿಕ್ ಹಾಕಿ ಕ್ಲಿಪ್ ಬಿಡಿಸುತ್ತ ಬನ್ನಿ.

ಬ್ಯಾಟರಿ ಕನೆಕ್ಟರ್ ಕೆಲವದರಲ್ಲಿ ಮೇಲಕ್ಕೆ ಏಳುತ್ತದೆ, ಕೆಲವದರಲ್ಲಿ ಪಕ್ಕಕ್ಕೆ ಜಾರುತ್ತದೆ. ವೈರ್ ಹಿಡಿದು ಎಳೆಯಬೇಡಿ, ಕನೆಕ್ಟರ್‌ನ ಪ್ಲಾಸ್ಟಿಕ್ ಅಂಚನ್ನು ಎರಡೂ ಬದಿಯಿಂದ ತಳ್ಳಿ. ಬಿಟ್ಟ ಮೇಲೆ ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಬೋರ್ಡಿನಲ್ಲಿ ಉಳಿದ ಕರೆಂಟ್ ಖಾಲಿಯಾಗುತ್ತದೆ. ಬ್ಯಾಟರಿಯ ಸ್ಕ್ರೂ ತೆಗೆದು ಎತ್ತಿ, ಹೊಸದನ್ನು ಕೂರಿಸಿ. ಹೇಗೂ ತೆರೆದಿದ್ದೀರಿ, ಫ್ಯಾನಿನ ದೂಳನ್ನು ಮೆತ್ತನೆಯ ಬ್ರಷ್‌ನಿಂದ ತೆಗೆದುಬಿಡಿ. ಬಿಸಿ ಕಡಿಮೆಯಾದರೆ ಹೊಸ ಬ್ಯಾಟರಿಗೂ ಒಳ್ಳೆಯದು.

ಸ್ಪೀಕರ್, ಟ್ರಿಮ್ಮರ್, ಎಮರ್ಜೆನ್ಸಿ ಲೈಟ್

ಬ್ಲೂಟೂತ್ ಸ್ಪೀಕರ್‌ನಲ್ಲಿ ಬ್ಯಾಟರಿ ವೈರಿನಿಂದ ಸೇರಿರುತ್ತದೆ. ಬೆಸುಗೆ ಹಾಕಿದ ವೈರ್ ಕತ್ತರಿಸಬೇಕಾದರೆ ಕೆಂಪು, ಕಪ್ಪು ಎರಡನ್ನೂ ಒಟ್ಟಿಗೆ ಕತ್ತರಿಸಬಾರದು. ಕತ್ತರಿಯ ಅಲಗೇ ಎರಡನ್ನೂ ಕೂಡಿಸಿ ಶಾರ್ಟ್ ಮಾಡುತ್ತದೆ. ಒಂದನ್ನು ಕತ್ತರಿಸಿ ಟೇಪ್ ಸುತ್ತಿ, ಆಮೇಲೆ ಇನ್ನೊಂದು. ಹೊಸ ಸೆಲ್ ಕೊಳ್ಳುವಾಗ ವೈರ್ ಅಥವಾ ಪಟ್ಟಿ ಮೊದಲೇ ಸೇರಿಸಿದ್ದನ್ನು ಕೇಳಿ. 18650 ಸೆಲ್ಲಿನ ಮೈಗೆ ನೇರ ಬೆಸುಗೆ ಹಾಕಿದರೆ ಬಿಸಿಗೆ ಅದು ಕೆಡುತ್ತದೆ. ಇಲ್ಲಿ ಮಲ್ಟಿಮೀಟರ್ ಕೆಲಸಕ್ಕೆ ಬರುತ್ತದೆ: ಹೊಸ ಸೆಲ್ 3.6ರಿಂದ 3.9 ವೋಲ್ಟ್ ಆಸುಪಾಸು ತೋರಿಸಬೇಕು. 3ಕ್ಕಿಂತ ಕೆಳಗಿದ್ದರೆ ವಾಪಸ್ ಕೊಡಿ.

ಟ್ರಿಮ್ಮರ್ ತೆರೆದಾಗ ಸೆಲ್ಲಿನ ಮೇಲೆ 1.2 ವೋಲ್ಟ್ ಎಂದಿದ್ದರೆ ಅದು ನಿಕ್ಕಲ್ ಬ್ಯಾಟರಿ. ಆ ಜಾಗಕ್ಕೆ 3.7ರ ಲಿಥಿಯಂ ಹಾಕಲೇಬಾರದು. ಅದರ ಚಾರ್ಜಿಂಗ್ ಸರ್ಕ್ಯೂಟೇ ಬೇರೆ.

ಎಮರ್ಜೆನ್ಸಿ ಲೈಟ್, ದೊಡ್ಡ ಟಾರ್ಚ್‌ಗಳಲ್ಲಿ ಈಗಲೂ ಎಷ್ಟೋ ಕಡೆ ಸೀಸದ ಬ್ಯಾಟರಿ ಇರುತ್ತದೆ: 4 ವೋಲ್ಟ್, ಅಥವಾ 6 ವೋಲ್ಟ್ 4.5 ಎಎಚ್. ತೋಟಕ್ಕೆ ರಾತ್ರಿ ನೀರು ಬಿಡಲು ಹೋಗುವವರ ಕೈಯಲ್ಲಿ ಇರುವ ಟಾರ್ಚ್ ಇಂಥದ್ದೇ. ಇದು ಅತಿ ಸುಲಭ. ಎರಡು ಕ್ಲಿಪ್ ಕಿತ್ತು, ಅದೇ ವೋಲ್ಟಿನ ಹೊಸ ಬ್ಯಾಟರಿಗೆ ಕೆಂಪನ್ನು ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಸಿಕ್ಕಿಸಿದರೆ ಮುಗಿಯಿತು. ಇವು ಬೇಗ ಸಾಯುವುದಕ್ಕೆ ಕಾರಣ ಖಾಲಿಯಾದ ಮೇಲೆ ಹಾಗೇ ಮೂಲೆಯಲ್ಲಿ ಬಿಡುವುದು. ಕರೆಂಟ್ ಹೋಗದಿದ್ದರೂ ತಿಂಗಳಿಗೊಮ್ಮೆ ಚಾರ್ಜ್ ಮಾಡಿ.

ಕಿವಿಯೊಳಗೆ ಇಡುವ ಪುಟ್ಟ ಇಯರ್‌ಬಡ್ ಮತ್ತು ಪವರ್ ಬ್ಯಾಂಕ್ ಬಿಚ್ಚಬೇಡಿ. ಮೊದಲನೆಯದು ತೆರೆದರೆ ಮತ್ತೆ ಕೂಡುವುದೇ ಕಷ್ಟ. ಎರಡನೆಯದರಲ್ಲಿ ಸೆಲ್ ದೊಡ್ಡದು, ಅಪಾಯ ದೊಡ್ಡದು.

ಮೊದಲ ಕೆಲವು ದಿನ

ಹೊಸ ಬ್ಯಾಟರಿಗೆ ಎಂಟು ಗಂಟೆ ಚಾರ್ಜ್ ಹಾಕಬೇಕು ಎಂಬುದು ಹಳೆಯ ನಿಕ್ಕಲ್ ಬ್ಯಾಟರಿ ಕಾಲದ ಮಾತು. ಈಗ ಬೇಕಿಲ್ಲ. ಮೊದಲ ಸಲ ನೂರಕ್ಕೆ ತುಂಬಿಸಿ, 10–15ಕ್ಕೆ ಇಳಿಯುವವರೆಗೆ ಬಳಸಿ, ಮತ್ತೆ ತುಂಬಿಸಿ. ಶೇಕಡಾ ಲೆಕ್ಕ ಒಂದೆರಡು ಸಲ ಜಿಗಿದಾಡಬಹುದು, ಆಮೇಲೆ ಸರಿಹೋಗುತ್ತದೆ. ಮೊದಲ ಚಾರ್ಜ್ ನೀವು ಎದುರಿಗೆ ಇರುವಾಗ ಮಾಡಿ. ಬೆಚ್ಚಗಾಗುವುದು ಸಹಜ, ಮುಟ್ಟಲಾಗದಷ್ಟು ಬಿಸಿಯಾದರೆ ಪ್ಲಗ್ ಕೀಳಿ. ಮುಂದೆ ದಿನಬಳಕೆಯಲ್ಲಿ 20ರಿಂದ 80ರ ನಡುವೆ ಇಟ್ಟರೆ ಬಾಳಿಕೆ ಹೆಚ್ಚು. ದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡಬೇಡಿ.

ಹಳೆಯ ಬ್ಯಾಟರಿ ಏನು ಮಾಡಬೇಕು

ಕಸದ ಬುಟ್ಟಿಗೆ ಹಾಕಬೇಡಿ. ಕಸದ ಲಾರಿಯಲ್ಲಿ ಒತ್ತಿಕೊಂಡರೆ ಅಲ್ಲೇ ಬೆಂಕಿ ಹತ್ತುತ್ತದೆ, ಕೈಯಲ್ಲಿ ಕಸ ಬೇರ್ಪಡಿಸುವ ಪೌರಕಾರ್ಮಿಕರಿಗೆ ಪೆಟ್ಟಾಗುತ್ತದೆ. ನಮ್ಮ ದೇಶದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಅದನ್ನು ಬೇರೆ ಕಸದ ಜೊತೆ ಸೇರಿಸದೆ ಕೊಡುವುದು ನಮ್ಮ ಪಾಲು. ಕನೆಕ್ಟರ್ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ. ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಕವರಿಗೆ ಹಾಕಿ. ಕಂಪನಿಯ ಸರ್ವಿಸ್ ಸೆಂಟರ್‌ಗೋ ಪರವಾನಗಿ ಇರುವ ಇ-ತ್ಯಾಜ್ಯ ಸಂಗ್ರಹಕಾರರಿಗೋ ಕೊಡಿ. ಸೀಸದ ಬ್ಯಾಟರಿಯನ್ನು ಹೊಸದು ಕೊಂಡ ಅಂಗಡಿಯಲ್ಲೇ ಕೊಟ್ಟರೆ ಎಷ್ಟೋ ಕಡೆ ಬೆಲೆಯಲ್ಲಿ ಸ್ವಲ್ಪ ಕಳೆಯುತ್ತಾರೆ, ಕೇಳಿ ನೋಡಿ. ಉಬ್ಬಿದ್ದು ಇದ್ದರೆ ಅದನ್ನು ಒಣ ಮರಳು ತುಂಬಿದ ಮಡಕೆಯಲ್ಲಿ, ಮುಚ್ಚಳ ಬಿಗಿಯದೆ, ಮನೆಯ ಹೊರಗೆ ಬಿಸಿಲು ಮಳೆ ತಾಗದ, ಮಕ್ಕಳ ಕೈಗೆ ಸಿಗದ ಜಾಗದಲ್ಲಿಟ್ಟು, ಆದಷ್ಟು ಬೇಗ ಕೊಟ್ಟುಬಿಡಿ. ಕೊಡುವಾಗ ಉಬ್ಬಿದೆ ಎಂದು ಬಾಯಿಬಿಟ್ಟು ಹೇಳಿ, ಅವರು ಅದನ್ನು ಬೇರೆಯಾಗಿ ಇಡುತ್ತಾರೆ.